ಚೌಡಮ್ಮನ ಮುಖ ಇಟ್ಟ ನಂಬರು

ರಮ್ಯಾಳ ಫೋನಿನಲ್ಲಿ ಯಾವ ನಂಬರಿಗೆ ಯಾವ ಫೋಟೋ ಇರಬೇಕೆಂದು ತೀರ್ಮಾನಿಸುತ್ತಿದ್ದವನು ಅವಳ ಗಂಡ ಚೇತನ್‌ಕುಮಾರ್. ಮದುವೆಯಾಗಿ ಜವನಗೊಂಡನಹಳ್ಳಿಗೆ ಬಂದ ಹೊಸದರಲ್ಲಿ ಅವನೇ ಪಕ್ಕದಲ್ಲಿ ಕೂತು ಮೆಸೇಜ್ ಆ್ಯಪಿನ ಒಂದೊಂದು ನಂಬರಿಗೂ ಫೋಟೋ ಹಾಕಿಕೊಟ್ಟಾಗ, ಎಂಥ ಅಕ್ಕರೆಯ ಗಂಡ ಎಂದು ಅವಳು ಹಿಗ್ಗಿದ್ದಳು. ಬಿ.ದುರ್ಗದಲ್ಲಿದ್ದ ಅಪ್ಪ ಮೂರ್ತಪ್ಪನಿಗೆ ಮದುವೆ ದಿನದ ಪೇಟದ ಫೋಟೋ. ಚೇತನ್ ತನ್ನ ನಂಬರಿಗೆ ಇಟ್ಟುಕೊಂಡದ್ದು, ಕಪ್ಪು ಕನ್ನಡಕ ಹಾಕಿಕೊಂಡು ತೆಂಗಿನಕಾಯಿ ಟೆಂಪೋಗೆ ಒರಗಿ ನಿಂತ ಫೋಟೋ. ಆ ಅಕ್ಕರೆಯ ಅರ್ಥ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಸಂಜೆ ಹಿರಿಯೂರಿನ ಮಂಡಿಯಿಂದ ಬಂದವನು ಕಾಲು ತೊಳೆದುಕೊಂಡು ಮೊದಲು ಕೇಳುತ್ತಿದ್ದುದು ನೀರನ್ನಲ್ಲ, ಫೋನನ್ನು. ಫೋಟೋ ಇಲ್ಲದೆ ಬರೀ ಬೂದು ಬೊಂಬೆ ಇರುವ ನಂಬರು ಕಂಡರೆ ಮುಗಿಯಿತು. ಒಮ್ಮೆ ಹೆಂಡತಿಯ ಹತ್ತಿರ ರವಿಕೆ ಹೊಲಿಸಲು ಬಂದ ಹೆಂಗಸೊಬ್ಬಳ ನಂಬರು ಹಾಗೆ ಉಳಿದುಬಿಟ್ಟಿತ್ತು. ಅವತ್ತು ರಮ್ಯಾಳ ಎಡಗೈ ಬೆರಳುಗಳು ಬಾಗಿಲ ಸಂದಿಗೆ ಸಿಕ್ಕಿದವು. ಗಾಳಿಗೆ ಬಾಗಿಲು ಬಡಿಯಿತೆಂದು ಊರಿಗೆಲ್ಲ ಹೇಳಿದ್ದಾಯಿತು. ಅವಳ ಕರೆಗಳೆಲ್ಲ ಜೋರಾಗಿ, ಸ್ಪೀಕರಿನಲ್ಲೇ ಕೇಳುವಂತೆ ಅವನು ಫೋನನ್ನು ಮಾಡಿಟ್ಟಿದ್ದ. ಇಂಥವನನ್ನು ಊರವರು, 'ಒಂದು ಚಟ ಇಲ್ಲ, ಬಂಗಾರದಂಥ ಹುಡುಗ' ಎಂದು ಹೊಗಳುತ್ತಿದ್ದರು. ಚಟ ಇತ್ತು. ಅದಕ್ಕಾಗಿ ಅಂಗಡಿಗೆ ಹೋಗಬೇಕಾಗಿರಲಿಲ್ಲ, ಅಷ್ಟೇ.

ಹಗಲು ಹೊತ್ತು ಮನೆಗೆ ಬೀಗ ಹಾಕುವ ಅಗತ್ಯವೂ ಅವನಿಗಿರಲಿಲ್ಲ. ಅತ್ತೆ ಬೋರಕ್ಕ ಇದ್ದಳು. ಸೊಸೆ ಹಿತ್ತಲಿಗೆ ಹೋದದ್ದು, ಪಕ್ಕದ ಮನೆಯವರ ಹತ್ತಿರ ನಿಂತದ್ದು, ಎಲ್ಲವೂ ಸಂಜೆ ಮಗನ ಕಿವಿಗೆ ಬೀಳುತ್ತಿತ್ತು. ರಮ್ಯಾ ಅಪ್ಪನ ಹತ್ತಿರ ಒಮ್ಮೆ ಅತ್ತಿದ್ದಳು. 'ಹೊಂದ್ಕಂಡು ಹೋಗವ್ವ' ಎಂದು ಅವರು ಬಸ್ಸು ಹತ್ತಿಸಿ ಕಳಿಸಿದ್ದರು.

ಉಳಿದವಳು ಯಮುನಾ ಒಬ್ಬಳೇ. ಹೊಳಲ್ಕೆರೆಯಲ್ಲಿ ಇಬ್ಬರೂ ಒಟ್ಟಿಗೆ ಟೈಲರಿಂಗ್ ಕಲಿತವರು. ಯಮುನಾ ಈಗ ಹೊಸದುರ್ಗದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಬೆರಳಿಗೆ ಬಟ್ಟೆ ಕಟ್ಟಿಕೊಂಡ ರಮ್ಯಾಳನ್ನು ಹಿರಿಯೂರಿನ ಒಂದು ಮದುವೆಯಲ್ಲಿ ಕಂಡವಳೇ ಎಲ್ಲ ಅರ್ಥ ಮಾಡಿಕೊಂಡು ನಂಬರು ಕೊಟ್ಟಳು. "ಒಂದು ಮಿಷನ್ ಖಾಲಿ ಐತೆ, ಹಿಂದ್ಗಡೆ ಒಂದು ರೂಮೂ ಐತೆ. ಯಾವಾಗ ಬರ್ತೀನಿ ಅಂತ ಒಂದು ಮೆಸೇಜ್ ಹಾಕು, ಸಾಕು" ಎಂದಳು.

ಆ ನಂಬರಿಗೆ ಯಾವ ಮುಖ ಇಡುವುದು? ಯಮುನಾಳ ಮುಖ ಇಟ್ಟರೆ ಯಾರು ಎಂದಾನು. ಹೂವು ಇಟ್ಟರೆ ಯಾವನು ಎಂದಾನು. ಈ ಭೂಮಿಯ ಮೇಲೆ ಚೇತನ್ ಯಾರಿಗಾದರೂ ಹೆದರುತ್ತಾನೆಯೇ ಎಂದು ಯೋಚಿಸಿದಳು. ಹೆದರುತ್ತಿದ್ದ, ಮನೆದೇವರು ಚೌಡೇಶ್ವರಿಗೆ ಮಾತ್ರ. ಟೆಂಪೋದ ಗಾಜಿನ ಮೇಲೆ ಅವಳ ಹೆಸರು, ಸ್ಟೇರಿಂಗ್ ಮುಟ್ಟುವ ಮುಂಚೆ ಅವಳಿಗೆ ಕೈಮುಗಿತ. ರಮ್ಯಾ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಅಮ್ಮನವರ ಚಿತ್ರದ ಫೋಟೋ ತೆಗೆದು ಆ ನಂಬರಿಗೆ ಹಾಕಿದಳು. ಹೆಸರು, 'ಚೌಡಮ್ಮನ ಸೇವಾ ಸಮಿತಿ'. ಕ್ಷಮಿಸು ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅವತ್ತು ಸಂಜೆ ಚೇತನನ ಹೆಬ್ಬೆರಳು ಪರದೆಯ ಮೇಲೆ ಜಾರುತ್ತ ಜಾರುತ್ತ ಅಲ್ಲಿಗೆ ಬಂದು ನಿಂತಿತು.

"ಇದ್ಯಾವ್ದು?"

"ಗುಡಿಯೋರು. ದಿನಾ ಅಮ್ಮನೋರ ಅಲಂಕಾರದ ಪೋಟ ಕಳಿಸ್ತಾರಂತೆ" ಎಂದಳು ರಮ್ಯಾ. ಬೆಳಿಗ್ಗೆಯೇ ಯಮುನಾಳಿಗೆ ಹೇಳಿ ಒಂದು ಫೋಟೋ ತರಿಸಿಟ್ಟು, ಉಳಿದ ಮಾತುಗಳನ್ನೆಲ್ಲ ಅಳಿಸಿದ್ದಳು. ಒಂದಾದರೂ ಉಳಿದಿದೆಯೇನೋ ಎಂದು ಈಗ ಅವನ ಹೆಬ್ಬೆರಳನ್ನೇ ನೋಡಿದಳು. ಅವನು ಒಳಗೆ ನೋಡಿದ. ಹಸಿರು ಸೀರೆ, ನಿಂಬೆಹಣ್ಣಿನ ಹಾರದ ಚೌಡಮ್ಮ. ಫೋನನ್ನು ಕಣ್ಣಿಗೆ ಒತ್ತಿಕೊಂಡು, "ನಾಳೇದೂ ತೋರ್ಸು" ಎಂದು ವಾಪಸು ಕೊಟ್ಟ. ಆಮೇಲೆ ದಿನವೂ ಅದೇ ಆಯಿತು. ಪಾಪ, ಹೊಸದುರ್ಗದ ಆ ಟೈಲರಮ್ಮ ಇವನ ಭಕ್ತಿಗಾಗಿ ಎಲ್ಲೆಲ್ಲಿಂದಲೋ ಅಮ್ಮನವರ ಫೋಟೋ ಹುಡುಕಿ ಕಳಿಸುತ್ತಿದ್ದಳು. ರಮ್ಯಾ ಮಾತ್ರ ಹೊರಡಲಿಲ್ಲ. ಸಿಕ್ಕಿಬಿದ್ದರೆ ಫೋನಷ್ಟೇ ಹೋಗುವುದಿಲ್ಲ, ತಾನೂ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೊಸಿಲ ತನಕ ಬಂದ ಕಾಲು ಹಾಗೇ ಹಿಂದಕ್ಕೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತು. ಅದಕ್ಕೆ ಅವನು ಅವಳ ಕುತ್ತಿಗೆಗೆ ಕೈ ಹಾಕಿದ. ಉಸಿರು ಕಟ್ಟಿ ಕಣ್ಣು ಮಂಜಾಗುವ ತನಕ ಬಿಡಲಿಲ್ಲ. ಬೋರಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನ ಬೆಳಿಗ್ಗೆ ರಮ್ಯಾ, 'ಇನ್ನು ಆಗಲ್ಲ' ಎಂದಷ್ಟೇ ಯಮುನಾಳಿಗೆ ಕಳಿಸಿ, ಅದನ್ನೂ ಅಳಿಸಿ, ಫೋನನ್ನು ಗೂಡಿನಲ್ಲಿ ಚಾರ್ಜಿಗೆ ಹಾಕಿ ರೊಟ್ಟಿ ತಟ್ಟಲು ಕೂತಳು. ಚೇತನ್ ಬಚ್ಚಲಲ್ಲಿದ್ದ. ಆ ಕಡೆ ಯಮುನಾ ಕಾದಳು, ಮುಂದೆ ಒಂದು ಮೆಸೇಜೂ ಬರಲಿಲ್ಲ. ಅವಳಿಗೂ ಜೀವ ಹೋದಂತಾಯಿತು. ಎಂದೂ ಮಾಡದವಳು ಕರೆಯನ್ನೇ ಮಾಡಿಬಿಟ್ಟಳು.

ಗೂಡಿನಲ್ಲಿ ಫೋನು ಹೊತ್ತಿಕೊಂಡಿತು. ಪರದೆಯ ತುಂಬ ಚೌಡಮ್ಮನ ಮುಖ. ಅಲ್ಲೇ ಕಸ ಗುಡಿಸುತ್ತಿದ್ದ ಬೋರಕ್ಕ ಪೊರಕೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಮ್ಮನವರ ಪಾದ ಇರುವಲ್ಲಿ ಬೆರಳಿಟ್ಟು ಮುಖದ ತನಕ ಸವರಿ ಕಣ್ಣಿಗೆ ಒತ್ತಿಕೊಂಡಳು. ಕೆಳಗಿನಿಂದ ಮೇಲಕ್ಕೆ ಸವರಿದರೆ ಆ ಫೋನು ಕರೆ ಎತ್ತಿಕೊಳ್ಳುತ್ತದೆಂದು ಅವಳಿಗೇನು ಗೊತ್ತು?

"ರಮ್ಯಾ, ಮೆಸೇಜ್ ಹಾಕಿ ಸುಮ್ನಾದ್ಯಲ್ಲೇ!" ಯಮುನಾಳ ದನಿ ಮನೆಯೆಲ್ಲ ತುಂಬಿತು. "ಇನ್ನು ಅಲ್ಲಿರಬ್ಯಾಡ ಕಣೆ, ಅವನು ಕೊಂದೇ ಹಾಕ್ತಾನೆ ನಿನ್ನ. ಇವತ್ತೇ ಬಂದುಬಿಡು. ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ಕಾಯ್ತಿರ್ತೀನಿ, ಕೂಡೇ ಹೊಸದುರ್ಗಕ್ಕೆ ಹೋಗಾಣ."

ರಮ್ಯಾಳ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಅತ್ತೆ ತಿರುಗಿ ನೋಡಿದಳು. ಮೊದಲು ಸೊಸೆಯ ಮುಖ, ಆಮೇಲೆ ಕುತ್ತಿಗೆಯ ಮೇಲಿನ ಕಲೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

"ಯಾರದವ್ವ ಫೋನು?" ಚೇತನ್ ಒಳಗಿನಿಂದಲೇ ಕೂಗಿದ.

ಗಂಡಸಿನ ದನಿ ಕೇಳಿ ಯಮುನಾ ಫೋನು ಇಟ್ಟಳು. ಚೇತನ್ ಟವೆಲು ಸುತ್ತಿಕೊಂಡು ಹೊರಗೆ ಬಂದ. ಮುಗಿಯಿತು ಎಂದುಕೊಂಡಳು ರಮ್ಯಾ. ಈ ಮುದುಕಿ ಹೇಳದೆ ಇರುವವಳಲ್ಲ.

"ಚೌಡಮ್ಮನ ಗುಡಿಯೋರು ಕಣಪ್ಪ" ಎಂದಳು ಬೋರಕ್ಕ. "ಸೊಸೀನ ಕರ್ಕಂಡು ಬರ್ಬೇಕಂತೆ, ಇವತ್ತು ಮಡ್ಲಕ್ಕಿ ತುಂಬುಸ್ತಾರಂತೆ."

ಅವನು ಫೋನು ಎತ್ತಿಕೊಂಡು ನೋಡಿದ. ಅಮ್ಮನವರ ಮುಖ ಇತ್ತು. "ಟೆಂಪೋದಾಗೆ ನಾನೇ ಬಿಡ್ತೀನಿ."

"ಹೆಂಗಸ್ರ ಸೇವೆ. ಗಂಡಸ್ರು ಬರಂಗಿಲ್ಲಂತೆ. ನೀನು ಮಂಡಿಗೆ ಹೋಗು" ಎಂದಳು ಬೋರಕ್ಕ, ಪೊರಕೆ ಎತ್ತಿಕೊಳ್ಳುತ್ತ. ಅವನು ಇಬ್ಬರನ್ನೂ ನೋಡಿದ. ಪರದೆಯನ್ನು ಕಣ್ಣಿಗೆ ಒತ್ತಿಕೊಂಡು ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಟೆಂಪೋ ಹೋದ ಮೇಲೆ ಬೋರಕ್ಕ ಸೊಸೆಯ ಮಣಿಕಟ್ಟು ಹಿಡಿದುಕೊಂಡು ಹೊರಟಳು. ಹಿಡಿತ ಬಿಗಿಯಾಗಿತ್ತು. ಮಗನ ಎದುರು ಸುಳ್ಳು ಹೇಳಿದ್ದು ಯಾಕೆ, ಊರ ಹಿರಿಯರ ಮುಂದೆ ನಿಲ್ಲಿಸಿ ಮಾನ ಕಳೆಯುವುದಕ್ಕೋ? ಪಂಚಾಯ್ತಿ ನಡೆಸುವ ಮೂಡಲಗಿರಿಯಪ್ಪನ ಮನೆ ಹತ್ತಿರ ಬಂದಂತೆ ರಮ್ಯಾ ಹಿಂದಕ್ಕೆ ಜಗ್ಗಿದಳು. ಜಗಲಿಯ ಮೇಲೆ ಕೂತಿದ್ದ ಅವರು, "ಎಲ್ಲಿಗೆ ಬೋರಕ್ಕ, ಸೊಸೀನ ಎಳ್ಕಂಡು?" ಎಂದರು. "ಗುಡಿಗೆ" ಎಂದವಳೇ ಬೋರಕ್ಕ ನಿಲ್ಲದೆ ನಡೆದಳು. ಗುಡಿಯ ದಾರಿಯೂ ಹಿಂದಾಯಿತು. ಬಸ್ಸು ನಿಲ್ಲುವ ಜಾಗ ಬಂತು. ಹಿರಿಯೂರಿನ ಬಸ್ಸು ದೂರದಲ್ಲಿ ಕಂಡಾಗಲೇ ಬೋರಕ್ಕ ಕೈ ಬಿಟ್ಟದ್ದು.

"ಹತ್ತು. ಫೋನ್ ಆರ್ಸಿಬಿಡು."

ರಮ್ಯಾಳಿಗೆ ಅಳು ಒತ್ತರಿಸಿ ಬಂತು. "ಅತ್ತೆ, ನೀವೂ ಬರ್ರಿ."

"ನಾನೂ ಬಂದ್ರೆ ಇವತ್ತೇ ಹುಡುಕ್ಯಂಡು ಬರ್ತಾನೆ. ನಾನಿದ್ರೆ ನನ್ನ ಕೂಡೆ ಕೂಗಾಡ್ಕಂಡು ಕುಂತ್ಕಂತಾನೆ. ಅಷ್ಟೊತ್ಗೆ ನೀನು ಹೊಸದುರ್ಗ ಸೇರ್ಕಂತೀಯ."

"ಹೊಡೆದ್ರೆ?"

"ಅವರಪ್ಪನೂ ಹೊಡೀತಿದ್ದ." ಬೋರಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಮ್ ಕಾಲ್ದಾಗೆ ಯಾವ ಚೌಡಮ್ಮನೂ ಫೋನ್ ಮಾಡ್ಲಿಲ್ಲ ಕಣೆ. ಹತ್ತು, ಬಸ್ಸು ನಿಲ್ಲಲ್ಲ."

ಬಸ್ಸು ಹೊರಟಿತು. ರಮ್ಯಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. ಇಷ್ಟು ದಿನ ತನಗಾಗಿ ಹೆದರಿದವಳು ಆ ಹೊತ್ತಿನಲ್ಲಿ ಮೊದಲ ಸಲ ಬೇರೊಬ್ಬಳಿಗಾಗಿ ಹೆದರಿದಳು, ಇದು ಇನ್ನೂ ಕೆಟ್ಟ ಹೆದರಿಕೆಯಾಗಿತ್ತು. ಬೋರಕ್ಕ ಆಗಲೇ ತಿರುಗಿ, ಮಗ ಸಂಜೆ ಬರಲಿದ್ದ ಮನೆಯ ಕಡೆಗೆ ನಡೆಯುತ್ತಿದ್ದಳು.