ಚಿಪ್ ಇಲ್ಲದ ಕೀ

ಬೆಳಿಗ್ಗೆ ಹಾಲಿಗೆ ಹೆಪ್ಪಿಟ್ಟೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ, ಆಮೇಲೆ ನಾವಿಬ್ಬರೂ ಅತ್ತೆಯನ್ನು ಕರೆದುಕೊಂಡು ಕಾರಿನಲ್ಲಿ ಆನವಟ್ಟಿ ಸಂತೆಗೆ ಹೋದೆವು. ತರಕಾರಿ ಕೊಂಡು ಕಾರಿನ ಬಳಿ ಬಂದಾಗ ಅತ್ತೆಗೆ ಉಬ್ಬಸ ಶುರುವಾಯಿತು. ಅವರು ಎಳೆದುಕೊಳ್ಳುವ ಮದ್ದು ಕಾರೊಳಗಿತ್ತು. ಯಜಮಾನರು ಕೀಯನ್ನೂ ಒಳಗೇ ಬಿಟ್ಟು ಬಾಗಿಲು ಲಾಕ್ ಮಾಡಿದ್ದರು.

ನನ್ನ ತಾಳಿಯ ಪಿನ್ನಿನಲ್ಲಿ ಚಿಪ್ ಇಲ್ಲದ ಇನ್ನೊಂದು ಕೀ ಇತ್ತು. ಅದರಿಂದ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಬಾಗಿಲಷ್ಟೇ ತೆರೆಯುತ್ತದೆ. ತೂರಿಸಲು ಹೋದರೆ ಪೂರ್ತಿ ಒಳಗೆ ಇಳಿಯಲಿಲ್ಲ. ಆಯುಧಪೂಜೆಯಲ್ಲಿ ನಾನೇ ಬಳಿದ ಅರಿಶಿನ-ಕುಂಕುಮ ಅದರ ಹಲ್ಲುಗಳಲ್ಲಿ ಗಟ್ಟಿಯಾಗಿತ್ತು. ಅತ್ತೆಯ ತುಟಿ ನೀಲಿಯಾಗುತ್ತಿತ್ತು.

“ಗಾಜು ಒಡೀರಿ,” ಎಂದೆ. ಯಜಮಾನರು ಕಲ್ಲು ಹುಡುಕುವಷ್ಟರಲ್ಲಿ ಪಿನ್ನಿನ ಮೊನೆಯಿಂದ ಕೀಯ ಹಲ್ಲುಗಳನ್ನು ಕೆರೆದು ಮತ್ತೆ ತೂರಿಸಿದೆ. ಬಾಗಿಲು ತೆರೆಯಿತು.

ಮದ್ದು ಎಳೆದುಕೊಂಡು ಉಸಿರು ಬಂದ ಮೇಲೆ ಅತ್ತೆ, “ಬರೋ ವರ್ಷ ಕೀಗೆ ಬರೀ ಹೂ ಇಡು ಮಾರಾಯ್ತಿ,” ಎಂದರು.

ರಾತ್ರಿ ಗಂಜಿ, ಉಪ್ಪಿನಕಾಯಿ ಉಂಡೆವು. ಅತ್ತೆ ಮೊದಲು ಮಲಗಿದರು. ನಾನು ಅವರ ಉಸಿರನ್ನೇ ಕೇಳುತ್ತಾ ಕೂತಿದ್ದೆ.