ಎಂಬತ್ತು ಚಿತ್ರಗಳ ಚಿಕ್ಕಮಾವ

ಚಿಕ್ಕಮಾವನ ಮುಖವನ್ನು ನಾನು ಮಾಡಲೇಬಾರದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುತ್ತ ಹೋದಾಗ ಆ ಕೆಲಸದ ಬಗ್ಗೆ ನನ್ನ ಜಂಬ ಎಲ್ಲಾದರೂ ಇಣುಕೀತು. ಇಷ್ಟು ವರ್ಷವಾದರೂ ಅದು ಪೂರ್ತಿ ಹೋಗಿಲ್ಲ, ಹಾಳಾದ್ದು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹಲಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕರೆಯೋಲೆ ಜೋಡಿಸುವ ಕೆಲಸ ನನ್ನದು. ಗಣಪತಿ, ಮಾವಿನ ತೋರಣ, ಕಳಶ, ಮತ್ತೆ ಗಣಪತಿ. ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ಇಂದಿರಾನಗರದಲ್ಲಿ ಆನಿಮೇಷನ್ ಕಲಿಸುವ ಗಾಜಿನ ಬಾಗಿಲಿನ ಜಾಗವೊಂದಿತ್ತು. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗಿ ಫೀಸು ಎಷ್ಟೆಂದು ಕೇಳಿದೆ. ಕೇಳಿದವಳೇ ಥ್ಯಾಂಕ್ಸ್ ಹೇಳಿ ಸೀದಾ ಬಸ್ ಸ್ಟಾಪಿಗೆ ಬಂದು ನಿಂತೆ.

ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ನನ್ನ ಗೋಳು ಕೇಳಿ ನಕ್ಕರು. "ಅಷ್ಟಕ್ಕೆಲ್ಲ ಯಾಕ್ರೀ ತಲೆ ಕೆಡಿಸ್ಕೊಂಡಿದ್ದೀರ? ಫ್ರೀ ಸಾಫ್ಟ್‌ವೇರ್ ಒಂದಿದೆ. ಕದ್ದಿರೋದಲ್ಲ, ಮಾಡಿದೋರೇ ಎಲ್ರಿಗೂ ಸುಮ್ನೆ ಕೊಟ್ಟಿರೋದು. ಕಲಿಯೋಕೆ ಮಾತ್ರ ಯಾರೂ ಸಿಗಲ್ಲ, ನೀವೇ ಗುದ್ದಾಡ್ಬೇಕು." ಬಾಣಸವಾಡಿಯ ಸೈಬರ್ ಸೆಂಟರಿನಲ್ಲಿ ಅದನ್ನು ಇಳಿಸಿ ಸಿ.ಡಿ.ಗೆ ಹಾಕಿಸಿಕೊಂಡೆ. ಶಿವಾಜಿನಗರದಲ್ಲಿ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಮನೆಯಲ್ಲಿ ಅದಾಗಲೇ ಇತ್ತು.

ಮನೆ ಎಂದರೆ ದೊಡ್ಡನೆಕ್ಕುಂದಿಯ ಅಜ್ಜಿ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಮುಂದಿನ ಭಾಗದಲ್ಲಿ ಅಮ್ಮನ ಅಣ್ಣ, ನನ್ನ ದೊಡ್ಡಮಾವನ ಸಂಸಾರ. ಹಿಂದಿನ ಎರಡು ಕೋಣೆಗಳಲ್ಲಿ ಅಜ್ಜಿ, ಅಮ್ಮ, ನಾನು. ಒಂದು ಕಾಲಕ್ಕೆ ನಮ್ಮ ದ್ರಾಕ್ಷಿ ತೋಟವಿದ್ದ ಕಡೆ ಫ್ಯಾಕ್ಟರಿ ಶೆಡ್ಡುಗಳಿದ್ದವು. ಇಡೀ ದಿನ ಗಿರಗಿರ ಸದ್ದು, ಕಿಟಕಿಯ ಮೇಲೆ ಕಬ್ಬಿಣದ ಪುಡಿ.

ಸಾಫ್ಟ್‌ವೇರ್ ತೆರೆದರೆ ತೆರೆಯ ನಡುವೆ ಬೂದು ಬಣ್ಣದ ಒಂದು ಡಬ್ಬಿ ಕೂತಿರುತ್ತಿತ್ತು. ಅಷ್ಟೇ. ಯಾವ ಕೀ ಒತ್ತಿದರೆ ಏನಾಗುತ್ತದೆಂದು ದೇವರಿಗೇ ಗೊತ್ತು. ಒಂದು ಒತ್ತಿದರೆ ಡಬ್ಬಿ ಮಾಯ, ಇನ್ನೊಂದು ಒತ್ತಿದರೆ ಅದರ ಮೂಳೆಗಳಷ್ಟೇ ಕಾಣುವ ಹಾಗೆ ಬರೀ ಗೆರೆ. ಎರಡು ವಾರ ಅತ್ತು ಕರೆದು, ಆ ಡಬ್ಬಿಯನ್ನೇ ಕತ್ತರಿಸಿ, ಎಳೆದು, ಉಬ್ಬಿಸಿ, ಕೊನೆಗೊಂದು ಚೊಂಬು ಮಾಡಿದೆ. ಆಮೇಲೆ ಒರಳು. ಆಮೇಲೆ ಮುಖ ಮಾಡುವ ಗುಟ್ಟು ತಿಳಿಯಿತು. ಅರ್ಧ ಮುಖ ಮಾಡಿದರೆ ಸಾಕು, ಉಳಿದರ್ಧವನ್ನು ಕನ್ನಡಿ ಹಿಡಿದ ಹಾಗೆ ಕಂಪ್ಯೂಟರೇ ಮಾಡಿಕೊಡುತ್ತದೆ.

ಇಲ್ಲಿ ಚಿಕ್ಕಮಾವನ ವಿಷಯ ಹೇಳಬೇಕು. ಅಜ್ಜಿಯ ಕಿರಿ ಮಗ. ನಾನು ಹೈಸ್ಕೂಲಿಗೆ ಸೇರುವ ಮುಂಚೆಯೇ ಅವನು ಮನೆ ಬಿಟ್ಟು ಹೋಗಿದ್ದ. ತೋಟವನ್ನು ಫ್ಯಾಕ್ಟರಿಯವರಿಗೆ ಕೊಡುವ ವಿಷಯಕ್ಕೆ ಜಗಳವಾಗಿ, ಕುಡಿದ ಅಮಲಿನಲ್ಲಿ ತಾತನ ಮೇಲೆ ಕೈ ಎತ್ತಿದ್ದನಂತೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು, "ನನ್ ಜೀವ ಇರೋಗಂಟ ನಿನ್ ಮುಖ ತೋರಿಸ್ಬೇಡ ಹೋಗೋ" ಎಂದಳು. ಅವನು ಹೋದ. ಹೋದವನು ಹೋದ. ಒಂದು ಕಾಗದವಿಲ್ಲ, ಕಂಡೆವು ಎಂದವರಿಲ್ಲ. ಹಾಗೆಂದ ಅಜ್ಜಿಯೇ ಅಂದಿನಿಂದ ದಿನಾ ಸಂಜೆ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದಳು. "ಬಂದ್ರೆ ಇರ್ಲಿ." ಬೆಳಗ್ಗೆ ಅದು ಹಸುವಿನ ಬಾಯಿಗೆ ಹೋಗುತ್ತಿತ್ತು.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಅವರ ಫೋಟೋ, ಹೊಸ ಬಟ್ಟೆ, ಮುದ್ದೆ, ಮಾಂಸದ ಸಾರು, ವಡೆ, ಬೀಡಿ ಸೇದುವವರಾಗಿದ್ದರೆ ಬೀಡಿ. ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಬೇಕಲ್ಲ. ಚಿಕ್ಕಮಾವನಿಗೆ ಎಡೆ ಇಡಲು ಅಜ್ಜಿ ಒಪ್ಪಿರಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನು ಎಲ್ಲಿದ್ದರೂ ಅನ್ನದ ಋಣ ಅಲ್ಲಿಗೆ ಮುಗಿಯುತ್ತದೆ ಎಂದು ನಂಬಿದ್ದಳು.

ದೊಡ್ಡಮಾವನಿಗೆ ಬೇರೆಯದೇ ಭಯ. ಅವನ ಮಗಳಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಈಗ ಮೂರನೆಯ ಬಾರಿ ಬಸುರಿ. ಶಾಸ್ತ್ರ ಕೇಳಿಸಿದರೆ, ಮನೆಯಲ್ಲಿ ಎಡೆ ಕಾಣದ ಸತ್ತವನೊಬ್ಬ ಹೊಸ್ತಿಲಲ್ಲೇ ನಿಂತಿದ್ದಾನೆ, ಮಗುವನ್ನು ಒಳಗೆ ಬರಲು ಬಿಡುತ್ತಿಲ್ಲ ಎಂದು ಹೇಳಿದರಂತೆ. ಅದನ್ನು ಕೇಳಿದಂದಿನಿಂದ ನನಗೂ ಆ ಹೊಸ್ತಿಲು ದಾಟುವಾಗ ಮೈ ಜುಮ್ಮೆನ್ನುತ್ತಿತ್ತು. ಕಂಪ್ಯೂಟರ್ ಕಲಿತವಳೆಂಬ ಬಿಂಕವೆಲ್ಲ ಹೊರಗೆ ಮಾತ್ರ.

ಅಮಾವಾಸ್ಯೆಗೆ ತಿಂಗಳಿರುವಾಗ ದೊಡ್ಡಮಾವ ನನ್ನ ಹತ್ತಿರ ಒಂದು ಫೋಟೋ ತಂದ. ಯಾರದೋ ಮದುವೆಯ ಗುಂಪು. ಹಿಂದಿನ ಸಾಲಿನಲ್ಲಿ ಕಡಲೆಕಾಳಿನಷ್ಟು ಮುಖ.

"ಇವನೊಬ್ಬನ್ನೇ ದೊಡ್ಡದು ಮಾಡ್ಕೊಡು ಮಗಾ. ಫ್ರೇಮ್ ಹಾಕಿಸ್ಬೇಕು."

"ಅಜ್ಜಿ ಒಪ್ಪಿದ್ಳಾ ಮಾವ?"

"ಒಪ್ಪಿಸ್ತೀನಿ. ನಿಂಗ್ಯಾಕೆ ಅದೆಲ್ಲ?"

ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಬರೀ ಚುಕ್ಕೆ. ಆಗದು ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ಹುಚ್ಚು ತಲೆಗೇರಿತ್ತು. ಆ ಚುಕ್ಕೆಗಳನ್ನು ಹಿಂದಿಟ್ಟುಕೊಂಡು ಮುಖವನ್ನೇ ಕಟ್ಟಿದರೆ? ಅದನ್ನೇ ಆನಿಮೇಷನ್ ಸ್ಟುಡಿಯೋದವರಿಗೆ ತೋರಿಸಿ ಕೆಲಸ ಕೇಳಬಹುದಲ್ಲ? ಸತ್ತಿದ್ದಾನೋ ಬದುಕಿದ್ದಾನೋ ಗೊತ್ತಿಲ್ಲದ ಮನುಷ್ಯ ನನಗೆ ಒಂದು ಒಳ್ಳೆಯ ಅಭ್ಯಾಸವಾಗಿ ಕಂಡ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ನಾನು ಎಳೆಯುತ್ತಿದ್ದೆ. "ಗದ್ದ ಇನ್ನೂ ಚೂಪು. ಮೂಗು ನಂದೇ." ಅರ್ಧ ಮಾಡಿ ಕನ್ನಡಿಗೆ ಹಾಕಿದ ದಿನ ಅಮ್ಮ ಹೆದರಿ ಎದ್ದುಬಿಟ್ಟಳು. ಎರಡೂ ಕಡೆ ಒಂದೇ ಇರುವ ಮುಖವನ್ನು ನೋಡಲಾಗುವುದಿಲ್ಲ, ಹೆಣದ ಕಳೆ ಬರುತ್ತದೆ. ಹುಬ್ಬಿನ ಗಾಯವೂ ಎರಡು ಕಡೆ ಬಂದಿತ್ತು. "ಎಡಗಡೆ ಒಂದೇ ಕಣೇ. ದ್ರಾಕ್ಷಿ ಚಪ್ಪರದ ತಂತಿ ಕುಯ್ದಿದ್ದು. ಎಡಗಣ್ಣು ಸ್ವಲ್ಪ ಸಣ್ಣ." ಬಲಗಡೆಯ ಗಾಯ ಅಳಿಸಿ, ಎಡಗಣ್ಣನ್ನು ತುಸು ಕಿರಿದು ಮಾಡಿದೆ. ಅಷ್ಟಕ್ಕೇ ತೆರೆಯ ಮೇಲೆ ಯಾರೋ ಬಂದು ಕೂತರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೊಡ್ಡಮಾವನಿಗೆ ಬೇಕಿದ್ದದ್ದು ಅಲ್ಲಾಡದ ಒಂದು ಚಿತ್ರ. ಅದನ್ನು ಕೊಟ್ಟೆ. ಆದರೆ ಸ್ಟುಡಿಯೋಗೆ ತೋರಿಸಲು ಮುಖ ಆಡಬೇಕಿತ್ತು. ಒಂದರ ಹಿಂದೊಂದು ಓಡಿಸಿದರೆ ಆಡುವ ಹಾಗೆ ಎಂಬತ್ತು ಚಿತ್ರ ಮಾಡಿದೆ. ಒಂದೊಂದಕ್ಕೂ ಕಂಪ್ಯೂಟರ್ ನಾಲ್ಕೈದು ನಿಮಿಷ ಒದ್ದಾಡುತ್ತಿತ್ತು. ನಡುವೆ ಕರೆಂಟು ಹೋದರೆ ಆ ಚಿತ್ರ ಮೊದಲಿನಿಂದ. ಮುಖ ಎರಡು ಸಲ ಕಣ್ಣು ಮಿಟುಕಿಸುತ್ತದೆ, ಎದುರಿನವರನ್ನು ನೇರ ನೋಡುತ್ತದೆ, ಮಾತಾಡಬೇಕೆನ್ನುವ ಹಾಗೆ ತುಸು ಮುಂದೆ ಬರುತ್ತದೆ. ಅಲ್ಲಿಂದಾಚೆ ನನಗೆ ಗೊತ್ತಿರಲಿಲ್ಲ. ತುಟಿ ಅಲ್ಲಾಡಿಸುವುದು ಇನ್ನೂ ಬರುತ್ತಿರಲಿಲ್ಲ, ಮಾಡಿದರೆ ಸೊಟ್ಟಗಾಗುತ್ತಿತ್ತು. ಅದಕ್ಕೇ ಅಲ್ಲಿ ಮುಖವನ್ನು ಪಕ್ಕಕ್ಕೆ ತಿರುಗಿಸಿಬಿಟ್ಟೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ, ತಾನೇ ತಾನಾಗಿ ಸುತ್ತುತ್ತಿತ್ತು.

ಅಮಾವಾಸ್ಯೆಗೆ ಮೂರು ದಿನವಿತ್ತು. ಭಾನುವಾರ ಮಧ್ಯಾಹ್ನ. ಚಿಕ್ಕಮಾವ ತೆರೆಯ ಮೇಲೆ ಸುತ್ತುತ್ತಿದ್ದ. ನಾನು ನೀರು ಕುಡಿಯಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ನನ್ನ ಕುರ್ಚಿಯಲ್ಲಿ ಕೂತಿದ್ದಳು.

ಅಜ್ಜಿಗೆ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿತ್ತು, ಅದೇ ಆಗಿದ್ದು ಎಡವಟ್ಟು. ಪಕ್ಕದ ಮನೆಯ ಹುಡುಗಿ ದುಬೈಯಲ್ಲಿದ್ದಳು. ಭಾನುವಾರ ಅವರ ಮನೆಯ ಕಂಪ್ಯೂಟರಿನಲ್ಲಿ ಅವಳ ಮುಖ ಬರುತ್ತಿತ್ತು. ಅವರದು ಹಾಳು ಲೈನು, ದನಿ ಕೇಳುತ್ತಿರಲಿಲ್ಲ. ಮುಖ ತಡೆತಡೆದು ಅಲ್ಲಾಡುತ್ತಿತ್ತು, ಇವರು ಕೂಗಿ ಕೂಗಿ ಮಾತಾಡುತ್ತಿದ್ದರು. ಅಜ್ಜಿ ಎರಡು ಮೂರು ಸಲ ಹೋಗಿ ಕೂತು, "ಊಟ ಆಯ್ತಾವ್ವಾ?" ಎಂದು ಕೇಳಿ ಬಂದಿದ್ದಳು. ಆ ಪೆಟ್ಟಿಗೆಯಲ್ಲಿ ಅಲ್ಲಾಡುವ ಮುಖ ಎಂದರೆ ದೂರದಲ್ಲಿ ಕೂತು ನಮ್ಮನ್ನು ನೋಡುತ್ತಿರುವವರು. ಅಜ್ಜಿ ಕಂಡದ್ದು ಅಷ್ಟೇ.

ಅವಳು ಸೆರಗು ಸರಿಮಾಡಿಕೊಂಡು ತೆರೆಯ ಹತ್ತಿರಕ್ಕೆ ಬಾಗಿದ್ದಳು.

"ಯಾವೂರಲ್ಲಿದ್ದೀಯೋ? ಏನ್ ಉಣ್ತೀಯೋ? ಇಷ್ಟ್ ಸೊರಗಿದ್ದೀಯಲ್ಲೋ ನನ್ನಪ್ಪಾ..."

ಚಿಕ್ಕಮಾವ ಕಣ್ಣು ಮಿಟುಕಿಸಿದ. ನೋಡಿದ. ಮುಂದೆ ಬಂದ. ಮುಖ ತಿರುಗಿಸಿದ.

"ನಾನ್ ಅಂದಿದ್ದು ಸಿಟ್ಟಲ್ಲಿ ಕಣೋ. ತಾಯಿ ಅಲ್ವೇನೋ? ಬಾರೋ."

ಮತ್ತೆ ಮಿಟುಕಿಸಿದ. ಮತ್ತೆ ತಿರುಗಿಸಿದ.

ಎದೆ ಧಸಕ್ಕೆಂದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ನನಗಾದದ್ದು ಸಂತೋಷ. ಹೆತ್ತ ತಾಯಿಯೇ ಗುರುತು ಹಿಡಿದಳಲ್ಲ! ಅವಳು ಬೇಡಿಕೊಳ್ಳುತ್ತಿರುವಾಗ ನಾನು ಚೊಂಬು ಹಿಡಿದು ಬಾಗಿಲಲ್ಲಿ ನಿಂತು ನನ್ನ ಕೈಕೆಲಸ ನೋಡುತ್ತಿದ್ದೆ. ಎಷ್ಟು ಸಲ ಅವನು ಮುಖ ತಿರುಗಿಸಿದನೋ ಲೆಕ್ಕವಿಲ್ಲ. ಕೊನೆಗೆ ಕರೆಂಟು ಹೋಗಿ ತೆರೆ ಕಪ್ಪಾಯಿತು. ಅಜ್ಜಿ ಆ ಕಪ್ಪಿನ ಮೇಲೆ ಒಮ್ಮೆ ಕೈಯಾಡಿಸಿದಳು.

"ಹೋದ," ಎಂದಳು.

"ಅಜ್ಜೀ, ಅದು..." ಎಂದು ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡದೆ ಎದ್ದು ಮುಂಭಾಗಕ್ಕೆ ಹೋದಳು. ದೊಡ್ಡಮಾವನ ಮುಂದೆ ನಿಂತು ಹೇಳಿದ ಮಾತು ನನಗೂ ಅಮ್ಮನಿಗೂ ಕೇಳಿಸಿತು.

"ಬದುಕವ್ನೆ. ಕಣ್ಣಾರೆ ನೋಡಿದೆ. ನಾನ್ ಅಷ್ಟ್ ಕರುದ್ರೂ ಮಖ ತಿರುಗ್ಸಿಬಿಟ್ಟ. ಇವತ್ತಿಗೆ ನನ್ ಪಾಲಿಗೆ ಸತ್ತ. ಇಡು ಎಡೆ."

ದೊಡ್ಡಮಾವ ನನ್ನನ್ನು ಹಿತ್ತಲಿಗೆ ಕರೆದ. ನಡೆದದ್ದನ್ನು ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ, ನನ್ನ ಎರಡೂ ಕೈ ಹಿಡಿದುಕೊಂಡ.

"ಅಮಾವಾಸ್ಯೆ ಕಳೀಲಿ ಮಗಾ. ಆಮೇಲೆ ಹೇಳು. ನನ್ ಮಗಳ ಹೊಟ್ಟೆ ಮೇಲೆ ಹೊಡೀಬೇಡ."

ಅಮ್ಮನೂ ನೆಲ ನೋಡುತ್ತ, "ಒಂದ್ಸಲ ಮುಗ್ದೋಗ್ಲಿ ಬಿಡೇ" ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮೂರು ದಿನ, ಎದುರಿಗೇ ಓಡಾಡುತ್ತಿದ್ದ ಅಜ್ಜಿಗೆ ಒಂದು ಮಾತು ಹೇಳಲಿಲ್ಲ.

ಅಮಾವಾಸ್ಯೆಯ ದಿನ ತೀರಿಹೋದ ತಾತನ ಫೋಟೋ ಪಕ್ಕದಲ್ಲಿ ನಾನು ಮಾಡಿದ ಮುಖಕ್ಕೆ ಹಾರ ಬಿತ್ತು. ಅಜ್ಜಿಯೇ ಕೈಯಾರೆ ಮುದ್ದೆ ಇಟ್ಟು, ಬೀಡಿ ಕಟ್ಟು ಇಟ್ಟಳು. ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಒಳಗಿನಿಂದ ಏನೋ ಸದ್ದಾದಂತಾಯಿತು, ಬೆಕ್ಕಿರಬೇಕು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಅಂದು ಸಂಜೆಯಿಂದ ಆ ಒಂದು ಮುದ್ದೆ ಕಟ್ಟುವುದನ್ನು ನಿಲ್ಲಿಸಿದಳು. ಹಸು ಬೆಳಗ್ಗೆ ಬಾಗಿಲ ಕಡೆ ಕತ್ತು ಚಾಚಿ ಕೂಗುತ್ತಿತ್ತು.

ದೊಡ್ಡಮಾವನ ಮಗಳಿಗೆ ಗಂಡು ಮಗುವಾಯಿತು. ಎಲ್ಲರೂ ಎಡೆಯ ಫಲ ಎಂದರು. ಅಜ್ಜಿ ಮಾತ್ರ ಮಗುವನ್ನು ಎತ್ತಿಕೊಳ್ಳಲಿಲ್ಲ. "ಬದುಕಿರೋನ್ನ ನಾನೇ ಕೊಂದು ಇದನ್ನ ತಂದೆ" ಎಂದು ಒಂದು ದಿನ ಗೋಡೆಗೆ ಹೇಳಿಕೊಳ್ಳುತ್ತಿದ್ದಳು. ಅಂದು ನನಗೆ ತಡೆಯಲಾಗಲಿಲ್ಲ. ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಡಬ್ಬಿ, ಕನ್ನಡಿ, ಹುಬ್ಬಿನ ಗಾಯ, ತುಟಿ ಆಡಿಸಲು ಬಾರದೆ ನಾನೇ ತಿರುಗಿಸಿದ ಮುಖ.

ಅಜ್ಜಿ ತಾಳ್ಮೆಯಿಂದ ಕೇಳಿ ನನ್ನ ತಲೆ ಸವರಿದಳು. "ನನ್ ಸಮಾಧಾನಕ್ಕೆ ಹೇಳ್ತೀಯ, ಗೊತ್ತು. ಹೆತ್ತ ಮಗನ್ನ ಗುರ್ತು ಹಿಡಿಯಲ್ವಾ ನಾನು?"

ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಒಂದು ವಾರ ಅಂಗಡಿಗೆ ರಜೆ ಹಾಕಿ ಹೊಸದಾಗಿ ಎಂಬತ್ತು ಚಿತ್ರ ಮಾಡಿದೆ. ಅದೇ ಮುಖ, ಅದೇ ಗಾಯ, ಅದೇ ಸಣ್ಣ ಕಣ್ಣು. ಈ ಸಲ ಅವನು ಮುಖ ತಿರುಗಿಸುವುದಿಲ್ಲ. ಆಚೆ ನೋಡುತ್ತಿದ್ದವನು ಈಚೆ ತಿರುಗಿ, ಎದುರಿಗೆ ಕೂತವರನ್ನು ನೋಡಿ, ಸ್ವಲ್ಪ ನಗುತ್ತಾನೆ. ಅಷ್ಟರಲ್ಲಿ ತುಟಿಯ ಕೆಲಸ ಕಲಿತಿದ್ದೆ.

ಅಜ್ಜಿಯನ್ನು ಕೈಹಿಡಿದು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿದೆ. ಚಿಕ್ಕಮಾವ ಅವಳ ಕಡೆ ತಿರುಗಿದ, ನೋಡಿದ, ನಕ್ಕ. ಮತ್ತೆ ತಿರುಗಿದ, ಮತ್ತೆ ನಕ್ಕ. ಅಜ್ಜಿ ಸೆರಗು ಸರಿಮಾಡಿಕೊಳ್ಳಲಿಲ್ಲ, ಬಾಗಲೂ ಇಲ್ಲ.

"ಇದು ನೀನು ಮಾಡಿದ್ದು, ಗೊತ್ತಾಗುತ್ತೆ," ಎಂದಳು. "ಅವತ್ತು ಬಂದಿದ್ದು ನನ್ ಮಗ."