ಸಂದಿನ ಮೇಸ್ತ್ರಿಯ ಆರು ವಾರ

ಮೇಸ್ತ್ರಿಯ ಮಣ್ಣಿಗೆ ನಾನು ಹೋಗಲಿಲ್ಲ. ಇಪ್ಪತ್ತಾರು ವರ್ಷದ ಗೆಳೆತನ ಇದೇನಾ ಎಂದು ಅವನ ತಮ್ಮ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವನ ಸಿಟ್ಟಿನಲ್ಲಿ ತಪ್ಪೇನಿಲ್ಲ. ಆ ದಿನ ನಾನು ಎಲ್ಲಿದ್ದೆ ಎಂಬುದನ್ನು ಬರೆದಿಡುತ್ತೇನೆ.

ಅವನ ಕಸುಬು ಕಟ್ಟಡಗಳ ಸಂದು ಮುಚ್ಚುವುದು. ದೊಡ್ಡ ಕಟ್ಟಡಗಳನ್ನು ಒಂದೇ ಗಟ್ಟಿಯಾಗಿ ಕಟ್ಟುವುದಿಲ್ಲ. ಬಿಸಿಲಿಗೆ ಹಿಗ್ಗಲಿ, ಚಳಿಗೆ ಕುಗ್ಗಲಿ ಎಂದು ಎರಡು ಭಾಗಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಅದಕ್ಕೆ ಡಾಂಬರು ತುಂಬುತ್ತಾರೆ. ವರ್ಷ ಕಳೆದಂತೆ ಡಾಂಬರು ಉದುರುತ್ತದೆ, ನೀರು ಇಳಿಯುತ್ತದೆ. ಅದನ್ನು ಕೆರೆದು ಮತ್ತೆ ತುಂಬುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಊರಿಗೆಲ್ಲ ಅವನು ಸಂದಿನ ಮೇಸ್ತ್ರಿ.

ನಾನು ಗ್ರಂಥಾಲಯದಲ್ಲಿ ಪತ್ರಿಕೆಗಳ ಕೋಣೆ ನೋಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಸಿಮೆಂಟ್ ಮೆತ್ತಿದ ಪ್ಯಾಂಟಿನಲ್ಲೇ ಬಂದು ನನ್ನ ಮೇಜಿನ ಮುಂದೆ ನಿಂತ.

“ಹಳೇ ಪೇಪರ್ ಇದ್ರೆ ಕೊಡ್ತೀರಾ ಸಾರ್?”

“ಯಾವ ತಾರೀಖಿಂದು?”

“ಯಾವ್ದಾದ್ರೂ ಆಗತ್ತೆ.”

“ಏನ್ ಸುದ್ದಿ ಹುಡುಕ್ತಿದ್ದೀರಿ?”

“ಓದೋಕಲ್ಲ ಸಾರ್, ಹಾಸೋಕೆ. ಬಾವಲಿ ಹಿಕ್ಕೆ ಹಾಕ್ತಾವಾ ನೋಡ್ಬೇಕು.”

ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಯಾವುದೇ ಸಂದು ಮುಚ್ಚುವ ಮೊದಲು ಅವನು ಮೂರು ದಿನ ಅದರ ಬುಡದಲ್ಲಿ ಪತ್ರಿಕೆ ಹಾಸಿ, ಮೇಲೆ ಕಲ್ಲಿಟ್ಟು, ಬೆಳಿಗ್ಗೆ ಬಂದು ಬಗ್ಗಿ ನೋಡುತ್ತಿದ್ದ. ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಬಿದ್ದಿದ್ದರೆ ಕಡ್ಡಿಯಿಂದ ಒತ್ತುವುದು. ಗಟ್ಟಿಯಾಗಿದ್ದರೆ ಇಲಿ. ಪುಡಿಪುಡಿಯಾಗಿ ಹುಳುಗಳ ರೆಕ್ಕೆಯ ಚೂರು ಮಿನುಗಿದರೆ ಒಳಗೆ ಸಣ್ಣ ಬಾವಲಿಗಳಿವೆ ಎಂದರ್ಥ. ಅಂದಿನಿಂದ ಅವನಿಗಾಗಿ ವಾರಕ್ಕೊಂದು ಕಟ್ಟು ತೆಗೆದಿಡತೊಡಗಿದೆ. ವರ್ಷದೊಳಗೆ ‘ಸಾರ್’ ಹೋಗಿ ನನಗೆ ‘ಪೇಪರ್’ ಎಂಬ ಹೆಸರು ಬಿತ್ತು.

“ಲೋ ಪೇಪರ್, ನಿಮ್ಮ ಸಂಪಾದಕೀಯಕ್ಕೆ ಓದುಗರ ಪ್ರತಿಕ್ರಿಯೆ ಜೋರಾಗಿದೆ ಕಣೋ. ಒಂದಕ್ಷರ ಕಾಣ್ತಿಲ್ಲ!”

ಈ ಎಚ್ಚರ ಅವನಿಗೆ ಎಲ್ಲಿಂದ ಬಂತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದ್ದಾಗ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಒಂದು ಶಾಲೆಯ ಸಂದು ಮುಚ್ಚಬೇಕಿತ್ತು. ಒಳಗೆ ಬಾವಲಿಗಳಿವೆ ಎಂದು ಗೊತ್ತಾಗಿ, ಕೊಲ್ಲುವುದು ಬೇಡವೆಂದು, ಸಂಜೆಯಾಗುವವರೆಗೆ ಕಾದ. ಎಲ್ಲವೂ ಹಾರಿಹೋದ ಮೇಲೆ ಏಣಿ ಹತ್ತಿ ಗಾರೆ ತುಂಬಿದ.

“ಪುಣ್ಯದ ಕೆಲಸ ಮಾಡ್ದೆ ಅಂದ್ಕೊಂಡು ಹೋಗಿ ಮಲ್ಗಿದೆ ಕಣೋ. ಮರಿ ಒಳಗೇ ನೇತಾಕಿ ಹೋಗ್ತಾವೆ ಅಂತ ನಂಗೇನ್ ಗೊತ್ತು? ಮೂರು ಸಂಜೆ ತಾಯಂದ್ರು ಆ ಗಾರೆಗೆ ಡಿಕ್ಕಿ ಹೊಡೆದ್ವು. ಐದನೇ ದಿನ ವಾಸನೆ ಬಂತು. ಹೆಡ್‌ಮಾಸ್ಟರು ನನ್ನನ್ನೇ ಕರೆಸಿ ಒಡೆಸಿದ್ರು.”

“ಎಷ್ಟಿದ್ವು?”

“ಎಣಿಸ್ಲಿಲ್ಲ. ಎಣಿಸದೇ ಇದ್ರೆ ಮರೆತುಹೋಗತ್ತೆ ಅಂದ್ಕೊಂಡೆ.” ಬುತ್ತಿಯ ಮುಚ್ಚಳ ಹಾಕಿದ. ಅರ್ಧ ಊಟ ಹಾಗೇ ಇತ್ತು.

ಆಮೇಲೆ ನಾನು ಹುಡುಕಿಕೊಟ್ಟ ಒಂದೆರಡು ಪುಸ್ತಕ, ಅವನೇ ಗೋಡೆಗೆ ಕಿವಿಯಿಟ್ಟು ಕಲಿತದ್ದು, ಇವೆರಡೂ ಸೇರಿ ಅವನದೊಂದು ಪದ್ಧತಿಯಾಯಿತು. ಬೇಸಿಗೆ ಕಾವೇರಿದಾಗ ತಾಯಂದಿರು ಒಂದೆಡೆ ಸೇರಿ ಒಂದೊಂದೇ ಮರಿ ಹಾಕುತ್ತವೆ. ಮರಿ ಹಾರಲು ಆರು ವಾರ ಬೇಕು. ಆ ಆರು ವಾರ ಸಂದನ್ನು ಮುಟ್ಟುವಂತಿಲ್ಲ. ಮರಿಗಳು ಹಾರಿದ ಮೇಲೆ ಸಂದಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ಕೆಳಗಿನ ಅಂಚು ಸಡಿಲವಾಗಿರಬೇಕು. ಬಾವಲಿಗಳು ಜಾರಿ ಹೊರಗೆ ಬರುತ್ತವೆ, ಮರಳಿ ನುಗ್ಗಲು ದಾರಿ ಸಿಗುವುದಿಲ್ಲ. ಅದೇ ಗೋಡೆಯ ಮೇಲೆ ಒರಟು ಹಲಗೆಯ ಗೂಡೊಂದನ್ನು ಹೊಡೆದಿಟ್ಟಿರಬೇಕು. ವಾರವಾದ ಮೇಲೆ ಗಾರೆ. ಇದಕ್ಕೊಪ್ಪದ ಕೆಲಸಗಳನ್ನು ಅವನು ಬಿಟ್ಟುಬಿಡುತ್ತಿದ್ದ. “ಗಂಡಸರಿಗೆ ಹೆಂಡತಿ ಬಾಣಂತನದ ತಾರೀಖು ನೆನಪಿರಲ್ಲ, ಇವ್ರಿಗೆ ಬಾವಲಿಗಳದ್ದು ಬಾಯಿಪಾಠ” ಎಂದು ಅವನ ಹೆಂಡತಿ ಛೇಡಿಸುತ್ತಿದ್ದರು. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ.

ಅವನ ಕೊನೆಯ ಕೆಲಸ ಆಸ್ಪತ್ರೆಯದು. ಹಳೆಯ ಕಟ್ಟಡಕ್ಕೂ ಹೊಸದಕ್ಕೂ ನಡುವೆ ನಾಲ್ಕು ಮಹಡಿ ಎತ್ತರದ ಸಂದು. ಒಳಬದಿಗೆ ತಗಡು ಹೊಡೆದಿದ್ದರಿಂದ ವಾರ್ಡಿಗೆ ಒಂದು ಬಾವಲಿಯೂ ಬರುವಂತಿರಲಿಲ್ಲ. ಹೊರಗೆ ಹಾಸಿದ ಪತ್ರಿಕೆ ಮಾತ್ರ ಒಂದೇ ಸಂಜೆಗೆ ಕಪ್ಪಾಯಿತು. ಆರು ವಾರ ಕಾಯಲು ಅಲ್ಲಿನ ಎಂಜಿನಿಯರನ್ನು ಒಪ್ಪಿಸಿದ. ಎರಡನೇ ವಾರ ಅವನೇ ಆ ಆಸ್ಪತ್ರೆ ಸೇರಿದ. ಮೂವತ್ತು ವರ್ಷದ ಸಿಮೆಂಟ್ ಧೂಳು ಎದೆಯಲ್ಲಿ ಗಟ್ಟಿಯಾಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಅವನಿಗೂ ಗೊತ್ತಿತ್ತು.

ಎರಡನೇ ಮಹಡಿಯ ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ. ಕಿಟಕಿಯಿಂದ ಕೈ ಚಾಚಿದಷ್ಟು ದೂರದಲ್ಲೇ ಸಂದು.

“ಸೈಟಲ್ಲೇ ಹಾಸಿಗೆ ಹಾಕ್ಕೊಟ್ಟಿದಾರೆ ನೋಡೋ. ಯಾವ ಮೇಸ್ತ್ರಿಗಿದೆ ಈ ಮರ್ಯಾದೆ?”

ಸೂರ್ಯ ಮುಳುಗುತ್ತಿದ್ದಂತೆ ಅವು ಒಂದೊಂದಾಗಿ ಉದುರಿದಂತೆ ಹೊರಬಿದ್ದು ಹಾರುತ್ತಿದ್ದವು. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಅವನು ಎಣಿಸುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ನೂರ ಮೂವತ್ತೆಂಟು. ನೂರ ನಲವತ್ತು. ನೂರ ನಲವತ್ತೊಂದು.

“ಇವುಗಳಲ್ಲಿ ಮೂರರಲ್ಲೆರಡು ಪಾಲು ತಾಯಂದ್ರು. ಮರಿ ಹಾರಿದ ದಿನ ಲೆಕ್ಕ ಒಮ್ಮೆಗೇ ಏರತ್ತೆ. ಇನ್ನೂರು ದಾಟ್ಲಿ. ಅಲ್ಲೀತನಕ ಯಾರ ಕೈಲೂ ಮುಟ್ಟಿಸ್ಬೇಡ.”

ನಾಲ್ಕನೇ ವಾರಕ್ಕೆ ಅವನ ತಲೆ ಕಿಟಕಿಯತ್ತ ಹೊರಳುವುದು ನಿಂತಿತು. ನಾನೇ ಎಣಿಸಿ ಹೇಳತೊಡಗಿದೆ.

“ಇವತ್ತು?”

“ನೂರ ನಲವತ್ತೆರಡು.”

“ನನ್ನ ಖುಷಿಗೆ ಸುಳ್ಳು ಹೇಳ್ಬೇಡ.”

“ಸುಳ್ಳು ಹೇಳೋ ಹಾಗಿದ್ರೆ ಇನ್ನೂರೈವತ್ತು ಅಂತಿದ್ದೆ ಕಣೋ.”

ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲಲೇ ಇಲ್ಲ. ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟ.

ಹತ್ತು ಗಂಟೆಗೆ ಅವನನ್ನು ಹಿಂಬಾಗಿಲಿನಿಂದ ಇಳಿಸಿದೆವು. ಹೊರಗೆ ಬಂದರೆ ಸಂದಿಗೆ ಏಣಿ ಒರಗಿದೆ. ಇಬ್ಬರು ಕೆಲಸಗಾರರು, ಕೈಯಲ್ಲಿ ಚಿಮ್ಮಿಸಿದರೆ ಉಬ್ಬಿ ಗಟ್ಟಿಯಾಗುವ ಫೋಮಿನ ಡಬ್ಬಿಗಳು. ನೆಲಮಹಡಿಯ ಸಂದು ಆಗಲೇ ಮುಚ್ಚಿತ್ತು. ಹಳದಿ ಫೋಮು ಉಬ್ಬಿ ಗೋಡೆಯಿಂದಾಚೆ ಬಂದಿತ್ತು. ಎಂಜಿನಿಯರು ಅಲ್ಲೇ ನಿಂತಿದ್ದರು.

“ಒಪ್ಪಿಕೊಂಡಿದ್ದು ಅವರಿಗೆ. ಈಗ ಅವರೇ ಇಲ್ವಲ್ಲ ಸಾರ್. ನಂಗೂ ಬೇಜಾರೇ. ಆದ್ರೆ ಮುಂದಿನ ವಾರ ತಪಾಸಣೆ ಇದೆ.”

ಅತ್ತಿಗೆ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಏಣಿಯ ಕಡೆ ನೋಡಿದರು.

“ನೀವು ಇಲ್ಲೇ ಇರಿ” ಎಂದರು.

“ಅತ್ತಿಗೆ, ಮಣ್ಣಿಗೆ...”

“ಮಣ್ಣಿಗೆ ಹತ್ತು ಜನ ಇದಾರೆ. ಇಲ್ಲಿಗೆ ನೀವೊಬ್ರೇ.” ಅವನ ಮಂಚದ ಕೆಳಗಿಂದ ತಂದಿದ್ದ ಚೀಲವನ್ನು ನನ್ನ ಕೈಗೆ ಕೊಟ್ಟರು. “ಉಳಿ, ಚಾಕು ಎಲ್ಲಾ ಇದರಲ್ಲಿದೆ. ಗ್ಲೌಸ್ ಹಾಕ್ಕೊಳ್ಳಿ, ಬರಿಗೈಲಿ ಮುಟ್ಟಿದ್ರೆ ಬಯ್ತಿದ್ರು.”

ವ್ಯಾನು ಹೊರಟಿತು. ನಾನು ಏಣಿಯನ್ನು ಎರಡೂ ಕೈಯಿಂದ ಹಿಡಿದು ಅದರ ಬುಡಕ್ಕೆ ಅಡ್ಡ ನಿಂತೆ.

“ನೀವು ದುಃಖದಲ್ಲಿದ್ದೀರಿ, ಮನೆಗೆ ಹೋಗಿ” ಎಂದರು ಎಂಜಿನಿಯರು.

“ದುಃಖದಲ್ಲಿದ್ದೀನಿ, ಅದಕ್ಕೇ ಹೋಗಲ್ಲ. ಮುಚ್ಚೋಕೆ ಮುಂಚೆ ಒಂದ್ಸಲ ಕಿವಿಗೊಟ್ಟು ಕೇಳಿ. ಅಷ್ಟು ಮಾಡಿ ಸಾಕು.”

ಎಂಜಿನಿಯರು ಕದಲಲಿಲ್ಲ. ಏಣಿಯ ಮೇಲಿದ್ದ ವಯಸ್ಸಾದ ಕೆಲಸಗಾರ ಫೋಮಿನ ಮೇಲಂಚಿಗೆ ಕಿವಿಯಿಟ್ಟ. ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗಿಳಿದು ಡಬ್ಬಿಯನ್ನು ನೆಲಕ್ಕಿಟ್ಟ.

“ಒಳಗೆ ಚೀರ್ತಾ ಇದಾವೆ ಸಾರ್. ಬೇರೆ ಯಾರಾದ್ರೂ ಮುಚ್ಚಲಿ.”

ಎಂಜಿನಿಯರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ತಪಾಸಣೆಯವರಿಗೆ ಏನೋ ಹೇಳಿಕೊಳ್ಳುತ್ತೇನೆ, ಹದಿನೈದು ದಿನ, ಅದರ ಮೇಲೆ ಒಂದು ಗಂಟೆಯೂ ಇಲ್ಲ ಎಂದರು. ಬರೆದು ಕೊಡಿ ಎಂದೆ. ಕೊಟ್ಟರು.

ನಾನು ಗ್ಲೌಸ್ ತೊಟ್ಟು ಫೋಮು ಕುಯ್ಯತೊಡಗಿದೆ. ಹೊರಗೆ ಒಣಗಿತ್ತು, ಒಳಗೆ ಇನ್ನೂ ಅಂಟಂಟು. ಆ ಕೆಲಸಗಾರ ತಾನಾಗಿಯೇ ಪಕ್ಕಕ್ಕೆ ಬಂದು ತುಂಡುಗಳನ್ನು ಈಸಿಕೊಂಡ. ಚೀಲದಲ್ಲಿ ನಾನು ಕೊಟ್ಟ ಪತ್ರಿಕೆಗಳ ಕೊನೆಯ ಕಟ್ಟು ಹಾಗೇ ಇತ್ತು. ಅದನ್ನು ಬಿಚ್ಚಿ ನೆಲಕ್ಕೆ ಹಾಸಿ, ಸಿಕ್ಕಿದ್ದನ್ನು ಅದರ ಮೇಲೆ ಮಲಗಿಸುತ್ತ ಹೋದೆವು. ಜೀವವಿದ್ದ ಆರನ್ನು ಮೇಲಿನ ಸಂದಿಗೆ ಹತ್ತಿಸಿದೆವು. ಸತ್ತವುಗಳಲ್ಲಿ ಹೆಚ್ಚಿನವು ಹೆಬ್ಬೆರಳಿನಷ್ಟು ಮರಿಗಳು, ರೆಕ್ಕೆ ಫೋಮಿನಲ್ಲಿ ಹೂತಿದ್ದವು. ಒಂದು ತಾಯಿಯ ಹೊಟ್ಟೆಗೆ ಮರಿ ಕಚ್ಚಿಕೊಂಡೇ ಇತ್ತು, ಬಿಡಿಸಲು ಹೋಗಲಿಲ್ಲ.

ವ್ಯಾನು ಆ ಹೊತ್ತಿಗೆ ಸ್ಮಶಾನ ಮುಟ್ಟಿರಬೇಕು. ನಾನು ಎಣಿಸಿದೆ. ಆ ಶಾಲೆಯಲ್ಲಿ ಅವನಿಂದ ಆಗದೆ ಹೋದದ್ದು, ಇಲ್ಲಾದರೂ ಯಾರಾದರೂ ಎಣಿಸಬೇಕಿತ್ತು. ಹತ್ತೊಂಬತ್ತು ಮರಿ, ನಾಲ್ಕು ತಾಯಿ.

ಆಮೇಲೆ ದಿನಾ ಸಂಜೆ ಹೋಗಿ ಸಂದಿನ ಬುಡದಲ್ಲಿ ನಿಲ್ಲುತ್ತಿದ್ದೆ. ನೂರ ಮೂವತ್ತೇಳು. ನೂರ ಮೂವತ್ತೆಂಟು. ಒಂಬತ್ತನೇ ಸಂಜೆ ನೂರೈವತ್ತು ದಾಟಿದರೂ ಹರಿವು ನಿಲ್ಲಲಿಲ್ಲ. ಕೆಲವು ಸರಿಯಾಗಿ ಹಾರಲಾಗದೆ ಗೋಡೆಗೆ ತಗುಲಿ ಮತ್ತೆ ಸಾವರಿಸಿಕೊಂಡು ಹೋಗುತ್ತಿದ್ದವು. ಇನ್ನೂರ ಹನ್ನೊಂದು.

ಅತ್ತಿಗೆಗೆ ಹೋಗಿ ಹೇಳಿದೆ. ಅವರು ಅವನ ಅಂಗಿಗಳನ್ನು ಮಡಚುತ್ತಿದ್ದರು. “ನಂಗಲ್ಲ, ಅವರಿಗೆ ಹೇಳಿ” ಎಂದರು.

ಮರುದಿನ ಬಲೆ ಕಟ್ಟಿ, ಗೂಡು ಹೊಡೆದು, ಅಲ್ಲಿಂದ ನೇರ ಸ್ಮಶಾನಕ್ಕೆ ಹೋದೆ. ಮಣ್ಣಿನ್ನೂ ಸಡಿಲವಾಗಿತ್ತು. ಪಕ್ಕದಲ್ಲಿ ಕೂತು ಇನ್ನೂರ ಹನ್ನೊಂದು ಎಂದೆ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಸುಳ್ಳು ಹೇಳ್ಬೇಡ ಅಂದಿದ್ದನಲ್ಲ, ಫೋಮಿನಲ್ಲಿ ಸತ್ತ ಇಪ್ಪತ್ತಮೂರರ ಲೆಕ್ಕವನ್ನೂ ಹೇಳಿದೆ.